ಫೈನಲ್ ಯಾರ ಊರಲ್ಲಿ?

ಬೆಸಗರಹಳ್ಳಿಯಂಥ ಊರಿನಲ್ಲಿ ಕಬಡ್ಡಿ ಪಂದ್ಯದ ಸುದ್ದಿ ಬಂದರೆ ಮೊದಲು ಕೇಳಿಬರುವ ಮಾತು ‘ಯಾರು ಗೆಲ್ತಾರೆ’ ಎಂಬುದಲ್ಲ. ‘ಎಲ್ಲಿ ಇಟ್ಕೊಂಡವ್ರೆ’ ಎಂಬುದು. ಶಾಲೆಯ ಬಯಲೋ, ಕುಯ್ಲು ಮುಗಿದ ಗದ್ದೆಯೋ, ಪಕ್ಕದ ಊರಿನ ಅಂಕಣವೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ಪಂದ್ಯ ಇಟ್ಟುಕೊಂಡ ಊರಿಗೆ ಖರ್ಚು ಹೆಚ್ಚು. ಬಂದವರಿಗೆ ನೀರು, ಊಟ, ದೀಪ, ಮಲಗುವ ಜಾಗ ಎಲ್ಲವನ್ನೂ ಅದೇ ನೋಡಿಕೊಳ್ಳಬೇಕು. ಆದರೆ ಕೂಗುವ ಗಂಟಲುಗಳೂ ಅದರವೇ. ಪಂದ್ಯ ಮುಗಿದ ಮೇಲೆ ವರ್ಷವಿಡೀ ಆ ಆಟವನ್ನು ಆಡಿಕೊಂಡಿರುವ ಮಕ್ಕಳೂ ಅದೇ ಊರಿನವರು.

ಕನ್ನಡ ಕಥೆಗಳ ಓದುಗರಿಗೆ ಬೆಸಗರಹಳ್ಳಿ ಎಂದರೆ ‘ನೆಲದ ಒಡಲು’ ಬರೆದ ಡಾ. ಬೆಸಗರಹಳ್ಳಿ ರಾಮಣ್ಣನವರ ಊರು. ಮದ್ದೂರು ತಾಲ್ಲೂಕಿನ ಈ ಸೀಮೆಯಲ್ಲಿ ಕಬಡ್ಡಿ ಇದೆ, ವಾಲಿಬಾಲ್ ಇದೆ, ಕ್ರಿಕೆಟ್ಟಂತೂ ಇದ್ದೇ ಇದೆ. ಇಲ್ಲದಿರುವುದು ಫುಟ್ಬಾಲ್. ಮದ್ದೂರಿನಿಂದ ಸುಮಾರು 80 ಕಿಲೋಮೀಟರ್ ದೂರದ ಬೆಂಗಳೂರು ಒಂದು ಕಾಲಕ್ಕೆ ಇಡೀ ದೇಶದ ಫುಟ್ಬಾಲಿಗೆ ಆಟಗಾರರನ್ನು ಕೊಟ್ಟ ನಗರ. ನಡುವೆ ರೈಲುಹಳಿಯೂ ಇದೆ. ಆದರೂ ಆ ಆಟ ರೈಲು ಹತ್ತಿ ನಮ್ಮ ಕಡೆಗೆ ಬರಲಿಲ್ಲ. ಇದಕ್ಕೆ ಕಾರಣಗಳು ಹಲವು ಇರಬಹುದು. ದೊಡ್ಡ ಪಂದ್ಯಗಳನ್ನು ಎಲ್ಲಿ ಆಡಿಸಿದರು ಎಂಬುದೂ ಅವುಗಳಲ್ಲಿ ಒಂದು ಎಂದು ನಾವು ತಿಳಿಯುತ್ತೇವೆ.

ಬೆಂಗಳೂರಿನ ಫುಟ್ಬಾಲ್ ಮೂಲತಃ ದಂಡಿನ ಆಟ. ಬ್ರಿಟಿಷ್ ಸೈನಿಕರಿಂದ ಅದು ದಂಡು ಪ್ರದೇಶದ ಗಲ್ಲಿಗಳಿಗೆ ಇಳಿಯಿತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ ಮುಂತಾದ ಕಡೆ ತಮಿಳು ಮತ್ತು ದಖ್ಖನಿ ಉರ್ದು ಮಾತಾಡುವ ಬಡ ಮನೆಗಳ ಹುಡುಗರು ಬರಿಗಾಲಿನಲ್ಲಿ ಅದನ್ನು ತಮ್ಮದಾಗಿಸಿಕೊಂಡರು. ಅಲ್ಲಿಂದ ಎದ್ದ ‘ಬೆಂಗಳೂರು ಮುಸ್ಲಿಮ್ಸ್’ ತಂಡ 1937ರಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಪಲ್ಟಣಿಗಳ ತಂಡಗಳೇ ಎತ್ತಿಕೊಂಡು ಹೋಗುತ್ತಿದ್ದ ಕಪ್ ಅದು. 1938ರಲ್ಲಿ ಮತ್ತೆ ಗೆದ್ದಿತು, 1948ರಲ್ಲಿ ಮೂರನೆಯ ಬಾರಿ. ನಮ್ಮ ಸಮುದಾಯದ ಎಷ್ಟು ಮನೆಗಳಲ್ಲಿ ಇಂದು ಈ ಹೆಸರು ನೆನಪಿದೆ? ಮುಶಾಯಿರಾಗಳ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ನಾವು ಮೈದಾನದ ಲೆಕ್ಕ ಇಟ್ಟಿಲ್ಲ.

ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಶುರುವಾದದ್ದು 1941ರಲ್ಲಿ, ಕಲ್ಕತ್ತೆಯಲ್ಲಿ. ಬಂಗಾಳದ ಸಂತೋಷ್ ಎಂಬ ಜಮೀನಿನ ಮಹಾರಾಜರಾಗಿದ್ದ ಮನ್ಮಥನಾಥ ರಾಯ್ ಚೌಧುರಿಯವರ ಹೆಸರು ಅದಕ್ಕೆ. ಮೊದಲ ಕಪ್ಪನ್ನು ಬಂಗಾಳವೇ ಗೆದ್ದಿತು. ಆ ಮೊದಲ ವರ್ಷಗಳ ಪಟ್ಟಿಯನ್ನು ಊರಿನ ಹೆಸರುಗಳೊಡನೆ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ದೆಹಲಿಯಲ್ಲಿ ನಡೆದಾಗ ದೆಹಲಿ ಗೆದ್ದಿತು. 1946–47ರಲ್ಲಿ ಫೈನಲ್ ಬೆಂಗಳೂರಿಗೆ ಬಂದಾಗ ಮೈಸೂರು ತಂಡ ಬಂಗಾಳದ ಮೇಲೆ ಮೊದಲು ಗೋಲಿಲ್ಲದೆ ಸಮ ಮಾಡಿಕೊಂಡು, ಮರುಪಂದ್ಯದಲ್ಲಿ 2–1ರಿಂದ ಗೆದ್ದಿತು. 1952–53ರಲ್ಲಿ ಮತ್ತೆ ಬೆಂಗಳೂರು, ಮತ್ತೆ ಮೈಸೂರು, ಎದುರಿಗೆ ಬಂಗಾಳ, 1–0. ಮರುವರ್ಷ ಇವೇ ಎರಡು ತಂಡಗಳು ಫೈನಲಿಗೆ ಬಂದವು. ಸ್ಥಳ ಮಾತ್ರ ಕಲ್ಕತ್ತೆ. ಈ ಬಾರಿಯೂ ಮೊದಲ ಪಂದ್ಯ ಗೋಲಿಲ್ಲದ ಸಮ, ಮರುಪಂದ್ಯದಲ್ಲಿ ಬಂಗಾಳಕ್ಕೆ 3–1ರ ಜಯ. ಆಟಗಾರರು ಒಂದೇ ವರ್ಷದಲ್ಲಿ ಅಷ್ಟೇನೂ ಬದಲಾಗುವುದಿಲ್ಲ. ಬದಲಾದದ್ದು ಗ್ಯಾಲರಿ.

ಊರಿನ ಬೆಂಬಲವೇ ಎಲ್ಲವೂ ಅಲ್ಲ. 1962–63ರಲ್ಲಿ ಬೆಂಗಳೂರಿನಲ್ಲೇ ಮೈಸೂರು ತಂಡ ಬಂಗಾಳಕ್ಕೆ 2–0ರಿಂದ ಸೋತಿತು. 1967–68ರಲ್ಲಿ ಇಬ್ಬರದೂ ಅಲ್ಲದ ಕಟಕ್‌ನಲ್ಲಿ ಬಂಗಾಳವನ್ನು 1–0ರಿಂದ ಸೋಲಿಸಿತು. ಮರುವರ್ಷ ಬೆಂಗಳೂರಿನಲ್ಲಿ ಮರುಪಂದ್ಯದ ಒಂದೇ ಗೋಲಿನಿಂದ ಕಪ್ ಉಳಿಸಿಕೊಂಡಿತು. ಹೀಗೆ 1969ರ ಹೊತ್ತಿಗೆ ಮೈಸೂರಿನ ಹೆಸರಲ್ಲಿ ನಾಲ್ಕು ಕಪ್‌ಗಳಿದ್ದವು. ಮೂರು ಮನೆಯಂಗಳದಲ್ಲಿ ಗೆದ್ದವು. ಆಮೇಲೆ ರಾಜ್ಯದ ಹೆಸರು ಬದಲಾಯಿತು, ಕಪ್ ಬರಲಿಲ್ಲ.

ರಾಜ್ಯದಲ್ಲಿ ಆಗ ನಡೆದ ನಾಲ್ಕೂ ಫೈನಲ್‌ಗಳನ್ನು ಆಡಿಸಿದ್ದು ಬೆಂಗಳೂರಿನಲ್ಲಿ. ಮೈಸೂರಿನಲ್ಲಲ್ಲ, ಹುಬ್ಬಳ್ಳಿಯಲ್ಲಲ್ಲ, ಮಂಗಳೂರಿನಲ್ಲಲ್ಲ. ಈಗ ಪಕ್ಕದ ಕೇರಳದ ಕಡೆ ನೋಡೋಣ. 1955–56ರ ಫೈನಲ್ ಎರ್ನಾಕುಲಂನಲ್ಲಿ (ಅಲ್ಲಿಯೂ ನಮ್ಮವರು ಬಂಗಾಳಕ್ಕೆ ಸೋತರು), ಮರುವರ್ಷ ತಿರುವನಂತಪುರದಲ್ಲಿ, 1960–61ರಲ್ಲಿ ಕೋಝಿಕ್ಕೋಡಿನಲ್ಲಿ, 1965–66ರಲ್ಲಿ ಕೊಲ್ಲಂನಲ್ಲಿ. ಈ ನಾಲ್ಕರಲ್ಲಿ ಒಂದರಲ್ಲೂ ಕೇರಳ ತಂಡ ಫೈನಲ್ ಆಡಲಿಲ್ಲ. ಯಾರದೋ ಮದುವೆಗೆ ತಮ್ಮ ಅಂಗಳದಲ್ಲಿ ಚಪ್ಪರ ಹಾಕಿದಂತೆ ಅವರು ಊರೂರಿನಲ್ಲಿ ಆಡಿಸಿದರು. ಆ ಚಪ್ಪರದ ಅಂಚಿನಲ್ಲಿ ನಿಂತು ನೋಡಿದ ಹುಡುಗರು ಬೆಳೆದರು. 1973–74ರಲ್ಲಿ ಎರ್ನಾಕುಲಂನಲ್ಲೇ ನಾಯಕ ಮಣಿ ಹ್ಯಾಟ್ರಿಕ್ ಹೊಡೆದು ರೈಲ್ವೇಸ್ ತಂಡವನ್ನು 3–2ರಿಂದ ಸೋಲಿಸಿದಾಗ ಕೇರಳಕ್ಕೆ ಮೊದಲ ಕಪ್ ಬಂತು.

ಅತ್ತ ಬೆಂಗಳೂರಿನ ಹುಡುಗರು ಆಟ ಹುಡುಕಿಕೊಂಡು ಕಲ್ಕತ್ತೆಗೆ ಹೋದರು. ಬೆಂಗಳೂರಿನ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದವರು, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಅವರ ಹೆಸರು ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚ ಪಾಂಡವ’ರಲ್ಲಿ ಒಬ್ಬರೆಂದು ಕಲ್ಕತ್ತೆಯಲ್ಲಿ ಮನೆಮಾತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಮಂಡ್ಯದ ಹೈಸ್ಕೂಲಿನಲ್ಲಿ ಈ ಎರಡು ಹೆಸರು ಹೇಳಿ ನೋಡಿ.

ಸ್ಥಳದ ಈ ತಕರಾರು ನಮ್ಮದಷ್ಟೇ ಅಲ್ಲ. ಅಮೆರಿಕದ ಕಾಲೇಜುಗಳು ತಮ್ಮದೇ ಬಗೆಯ ಫುಟ್ಬಾಲ್ ಆಡುತ್ತವೆ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಅವರು ಯಾಕೆ ಆ ಹೆಸರಿಟ್ಟರೋ. ಅಲ್ಲಿ ಒಂದೊಂದು ಪ್ರದೇಶದ ಕಾಲೇಜುಗಳ ಕೂಟವನ್ನು ಕಾನ್ಫರೆನ್ಸ್ ಎನ್ನುತ್ತಾರೆ. ದಕ್ಷಿಣದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ 1992ರಲ್ಲಿ ತನ್ನ ಫೈನಲನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭಿಸಿ, 1994ರಿಂದ ಅಟ್ಲಾಂಟಾ ನಗರದಲ್ಲಿ ನೆಲೆಯೂರಿಸಿತು. ಜನ ಅದನ್ನು ವರ್ಷಕ್ಕೊಮ್ಮೆಯ ಜಾತ್ರೆಯಂತೆ ಒಪ್ಪಿಕೊಂಡರು. ಪಶ್ಚಿಮ ಕರಾವಳಿಯ ಪ್ಯಾಕ್–12 ಕೂಟ 2011ರಿಂದ ಮೂರು ವರ್ಷ, ಹೆಚ್ಚು ಗೆದ್ದ ತಂಡದ ಊರಲ್ಲೇ ಫೈನಲ್ ಎಂಬ ಕ್ರಮ ಇಟ್ಟುಕೊಂಡಿತ್ತು. 2014ರಲ್ಲಿ ಅದನ್ನು ಸಾಂಟಾ ಕ್ಲಾರಾದ ಹೊಸ ದೊಡ್ಡ ಕ್ರೀಡಾಂಗಣಕ್ಕೆ ಒಯ್ದರು. ಖಾಲಿ ಕುರ್ಚಿಗಳ ದೂರು ವರ್ಷವರ್ಷವೂ ಬಂದ ಮೇಲೆ ಅಲ್ಲಿಂದ ಲಾಸ್ ವೇಗಸ್‌ಗೆ ಎತ್ತಿದರು. ದೊಡ್ಡ ಮೈದಾನ ಸಿಕ್ಕಿದ ಮಾತ್ರಕ್ಕೆ ಜನ ಸಿಗುವುದಿಲ್ಲವೆಂದು ಅವರಿಗೆ ಗೊತ್ತಾದದ್ದು ಹೀಗೆ.

ಇದೇ ಪಾಠ ನಮ್ಮ ಸಂತೋಷ್ ಟ್ರೋಫಿಯಲ್ಲಿ ಒಂದು ವರ್ಷದೊಳಗೆ ಎರಡು ಬಗೆಯಲ್ಲಿ ಕಾಣಿಸಿತು. 2022ರಲ್ಲಿ ಫೈನಲ್ ಸುತ್ತನ್ನು ಮಲಪ್ಪುರಂ ಜಿಲ್ಲೆಯ ಮಂಜೇರಿಗೆ ಕೊಟ್ಟರು. ಮಹಾನಗರವಲ್ಲ, ತಾಲ್ಲೂಕು ಕೇಂದ್ರ. ನಮ್ಮ ಮದ್ದೂರು, ಮಳವಳ್ಳಿಗಳಂತೆ. ರಮಝಾನ್ ತಿಂಗಳು. ಇಫ್ತಾರ್ ಮುಗಿಸಿ ಜನ ರಾತ್ರಿಯ ಪಂದ್ಯಗಳಿಗೆ ಹರಿದು ಬಂದರು. ಏಪ್ರಿಲ್ 28ರ ಸೆಮಿಫೈನಲ್‌ನಲ್ಲಿ ಕರ್ನಾಟಕವೇ ಮೊದಲ ಗೋಲು ಹೊಡೆಯಿತು. ಆಮೇಲೆ ಜೆಸಿನ್ ಎಂಬ ತರುಣ ಒಬ್ಬನೇ ಐದು ಗೋಲು ಬಾರಿಸಿದ. ಕರ್ನಾಟಕ 7–3ರಿಂದ ಸೋತಿತು. ಮೇ 2ರಂದು ಕೇರಳ ಪೆನಾಲ್ಟಿಗಳಲ್ಲಿ ಬಂಗಾಳವನ್ನು ಸೋಲಿಸಿ ಕಪ್ ಎತ್ತಿತು. ಮರುದಿನ ಈದ್. ಮಂಜೇರಿಗೆ ಒಂದರ ಹಿಂದೆ ಒಂದು ಎರಡು ಈದ್ ಬಂದಂತಾಯಿತು.

2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಕಪ್ ಗೆದ್ದಿತು. ಕರ್ನಾಟಕ ಎಂಬ ಹೆಸರಿನಲ್ಲಿ ಇದು ಮೊದಲನೆಯದು. ಗೆದ್ದದ್ದು ಎಲ್ಲಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಸುಮಾರು 68,000 ಜನ ಹಿಡಿಸುವ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. ಭಾರತ ಮತ್ತು ಸೌದಿ ಫುಟ್ಬಾಲ್ ಸಂಸ್ಥೆಗಳು 2022ರಲ್ಲಿ ಮಾಡಿಕೊಂಡ ಒಪ್ಪಂದದ ಫಲ ಅದು. ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ದೇಶದ ಹೊರಗೆ ನಡೆದದ್ದು ಅದೇ ಮೊದಲು. ಸ್ಪೇನ್, ಇಟಲಿಗಳ ಸೂಪರ್ ಕಪ್ ಪಂದ್ಯಗಳೂ ಅದಕ್ಕೆ ಮೊದಲೇ ಸೌದಿಗೆ ಹೋಗಿದ್ದವು. ಅವರಿಗೆ ಹಣ ಸಿಕ್ಕಿತು. ನಮ್ಮ ಹುಡುಗರಿಗೆ ವಿಶ್ವದರ್ಜೆಯ ಹುಲ್ಲು ಸಿಕ್ಕಿತು, ವಿಮಾನಯಾನ ಸಿಕ್ಕಿತು. ಅದು ಸಣ್ಣ ಸಂಗತಿಯಲ್ಲ. ದಿನಗೂಲಿಯವರ ಮನೆಯಿಂದ ಬಂದ ಆಟಗಾರನಿಗೆ ಅಂಥ ಮೈದಾನ ಒಂದು ಗೌರವ.

ರಿಯಾದ್ ನಮಗೆ ಪರಕೀಯ ಊರೂ ಅಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಕಡೆಯ ಸಾವಿರಾರು ಮನೆಗಳ ಅಡುಗೆಯ ಒಲೆ ಉರಿದಿರುವುದು ರಿಯಾದ್, ಜಿದ್ದಾ, ದಮ್ಮಾಮ್‌ಗಳ ದುಡಿಮೆಯಿಂದ. ತಮ್ಮ ರಾಜ್ಯದ ಹೆಸರು ಎದೆಯ ಮೇಲೆ ಹಾಕಿಕೊಂಡ ತಂಡವೊಂದು ತಾವು ದುಡಿಯುವ ಊರಿಗೆ ಬಂದದ್ದು ಅವರಲ್ಲಿ ಹಲವರಿಗೆ ಹಬ್ಬವೇ ಸರಿ. ಆ ಪ್ರವಾಸಿಗಳಿಗಾಗಿಯೇ ಒಂದು ಪಂದ್ಯ ಅಲ್ಲಿ ನಡೆದರೆ ನಾವು ಆಕ್ಷೇಪಿಸುವವರಲ್ಲ. ಆದರೆ ಅಂಥ ಕ್ರೀಡಾಂಗಣದಲ್ಲಿ ಖಾಲಿ ಆಸನಗಳೇ ಎದ್ದು ಕಂಡವು. ಆಸ್ಟಿನ್ ಟೌನಿನ ಮುದುಕರು, 1968–69ರ ಮರುಪಂದ್ಯವನ್ನು ಕಣ್ಣಾರೆ ಕಂಡವರು, 54 ವರ್ಷ ಕಾದ ಗೆಲುವನ್ನು ಮೊಮ್ಮಕ್ಕಳ ಮೊಬೈಲಿನಲ್ಲಿ ನೋಡಬೇಕಾಯಿತು. ಬೆಸಗರಹಳ್ಳಿಗೆ ಅಷ್ಟೂ ತಲುಪಲಿಲ್ಲ. ಮಾರನೆಯ ದಿನದ ಪತ್ರಿಕೆಯ ಕ್ರೀಡಾಪುಟದಲ್ಲಿ ಒಂದು ಚಿತ್ರ, ಅಷ್ಟೆ.

ಮುಂದಿನ ಬಾರಿ, 2024ರ ಮಾರ್ಚ್‌ನಲ್ಲಿ, ಫೈನಲ್ ಅರುಣಾಚಲ ಪ್ರದೇಶದ ಯೂಪಿಯಾ ಎಂಬ ಪುಟ್ಟ ಊರಿನಲ್ಲಿ ನಡೆಯಿತು. ಅದೇ ವರ್ಷದ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಬಂಗಾಳ ಕೇರಳವನ್ನು 1–0ರಿಂದ ಸೋಲಿಸಿತು. ಯೂಪಿಯಾಕ್ಕೆ ಹೋಗಬಲ್ಲ ಫೈನಲ್ ಮಂಡ್ಯಕ್ಕೆ ಯಾಕೆ ಬರಬಾರದು ಎಂದು ಕೇಳುವವರು ಮೊದಲು ಒಂದು ಹುಲ್ಲಿನ ಮೈದಾನ, ರಾತ್ರಿಯ ದೀಪ, ತಂಡಗಳು ಉಳಿಯಲು ಕೋಣೆಗಳನ್ನು ತೋರಿಸಬೇಕಾಗುತ್ತದೆ. ಅಲ್ಲಿಯವರೆಗೆ ಜಿಲ್ಲಾ ಮಟ್ಟದ ಒಂದು ಕಾಲೇಜು ಪಂದ್ಯವನ್ನಾದರೂ ಮದ್ದೂರಿನಲ್ಲಿ ಆಡಿಸಬಹುದು. ಅದಕ್ಕೆ ಒಂದು ಬಯಲು ಸಾಕು, ಎರಡು ಜೊತೆ ಗೋಲುಕಂಬಗಳು ಸಾಕು.