ಸ್ವೆಟರಿನ ಲೆಕ್ಕ

ಚಳಿಗಾಲ ಬಂತು, ಟಿಬೆಟಿನವ್ರ ಸ್ವೆಟರ್ ಅಂಗಡಿನೂ ಬಂತು. “ಹೊರಗಿಂದ ಬಂದೋರು ನಮ್ಮ ಅನ್ನ ತಿಂತಾರೆ,” ಅಂದ್ರು ಅತ್ತೆ. ಲೆಕ್ಕ ಹಾಕಿ ನೋಡೋಣ.

1959ರಲ್ಲಿ ದಲೈ ಲಾಮಾ ಹಿಂದೆ ದೇಶ ಬಿಟ್ಟು ಬಂದೋರಿಗೆ ಮೈಸೂರು ರಾಜ್ಯ ಬೈಲಕುಪ್ಪೆ ಹತ್ರ ಸುಮಾರು 3000 ಎಕರೆ ಕಾಡು ಕೊಡ್ತು. ಸುತ್ತಲ ಹಳ್ಳಿಯೋರಿಗೆ ಸೌದೆ, ಮೇವಿನ ಜಾಗ ಅಷ್ಟು ಕಮ್ಮಿಯಾಯ್ತು, ಅದು ನಿಜ. ಆದ್ರೆ ಅವ್ರು ಕಾಡು ಕಡಿದು ಮುಸುಕಿನ ಜೋಳ ಬೆಳೆದ್ರು. ಆ ಹೊಲಕ್ಕೆ ಕೂಲಿಗೆ ಹೋದೋರಲ್ಲಿ ನಮ್ಮೋರೂ ಇದ್ರು. ಕುಶಾಲನಗರದ ಅಂಗಡಿಗಳಿಗೆ ಹೊಸ ಗಿರಾಕಿಗಳಾದ್ರು. ಈಗ ಗೋಲ್ಡನ್ ಟೆಂಪಲ್ ನೋಡೋಕೆ ಬರೋರಿಂದ ಆಟೋದವ್ರಿಗೆ, ಹೋಟೆಲಿನವ್ರಿಗೆ ಸಂಪಾದನೆ. ಈ ಸ್ವೆಟರ್‌ಗಳೂ ಬಹುಪಾಲು ಲೂಧಿಯಾನದವು. ಸಾಲಕ್ಕೆ ತಂದು, ಮಾರಿ, ತೀರಿಸ್ತಾರೆ.

ಕಳ್ಕೊಂಡೋರು ಒಬ್ರು, ಗಳಿಸಿದೋರು ಇನ್ನೊಬ್ರು ಆದಾಗ ಮಾತ್ರ ಲೆಕ್ಕ ಕಷ್ಟ. ಅತ್ತೆ ಚೌಕಾಸಿ ಮಾಡಿ ಎರಡು ತಗೊಂಡ್ರು.