ಗೋಲು ಹೊಡೆಯುವವರ ವಂಶಾವಳಿ

ಕರ್ನಾಟಕದ ಫುಟ್‌ಬಾಲ್ ಕುರಿತ ಈಚಿನ ಬರಹಗಳನ್ನು ಓದಿದವರಿಗೆ ಈ ಆಟ ನಮ್ಮಲ್ಲಿ 2013ರ ಜುಲೈನಲ್ಲಿ ಹುಟ್ಟಿತೆಂದೇ ಅನ್ನಿಸೀತು. ಆ ತಿಂಗಳು ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. 2016ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಅವರ ಹಿಂದೆ ಸ್ಪೇನಿನ ಆಟಗಾರರು ಸಾಲುಗಟ್ಟಿದರು. ಇಷ್ಟು ನಿಜ. ಇದಕ್ಕೆ ಅಂಟಿಸಿರುವ ಬಾಲದ ಮಾತು ಬೇರೆ: ಚೆಂಡನ್ನು ನೆಲದ ಮೇಲೆ ಆಡಿಸುವುದನ್ನೂ ಗೋಲು ಹೊಡೆಯುವುದನ್ನೂ ನಮಗೆ ಸ್ಪೇನಿನವರೇ ಕಲಿಸಿದರಂತೆ. ಬಾಗಲಕೋಟೆಯ ನವನಗರದಲ್ಲಿ ನನ್ನ ಹತ್ತಿರ ಆಟ ಕಲಿಯಲು ಬರುವ ಹುಡುಗರೂ ಹೀಗೇ ಹೇಳತೊಡಗಿದ್ದಾರೆ. ಸ್ಪೇನಿನ ಸ್ಟ್ರೈಕರುಗಳ ಮೇಲೆ ನನಗೆ ಮುನಿಸಿಲ್ಲ. ಅವರಲ್ಲೊಬ್ಬರಿಗೆ ಈ ಲೇಖನದ ದೊಡ್ಡ ಪಾಲನ್ನೇ ಕೊಡಲಿದ್ದೇನೆ. ಅವರನ್ನು ನಾವು ಅರ್ಥಮಾಡಿಕೊಂಡ ರೀತಿಯ ಬಗ್ಗೆ ತಕರಾರಿದೆ.

ಹಳೆಯದನ್ನು ಬೇಗ ಮುಗಿಸುತ್ತೇನೆ. ಬೆಂಗಳೂರು ಕಂಟೋನ್ಮೆಂಟಿನಲ್ಲಿ ಬ್ರಿಟಿಷ್ ಪಲ್ಟನ್ನುಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಪೇಟೆ, ಕೇರಿಗಳ ಹುಡುಗರು ಬರಿಗಾಲಲ್ಲೇ ಕಲಿತರು. 1937ರಲ್ಲಿ ಬ್ಯಾಂಗಳೂರ್ ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯತನಕ ಪಲ್ಟನ್ನುಗಳ ಪಾಲಾಗಿದ್ದ ಆ ಕಪ್ಪು ಭಾರತೀಯರ ತಂಡಕ್ಕೆ ಒಲಿದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ತಂದಿತು, ಕೊನೆಯದು 1968-69ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಎಸ್. ರಾಮನ್. ಹೆಲ್ಸಿಂಕಿಯಲ್ಲಿ 1952ರಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೇರಿದ ದಿನ ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು.

ಅಹ್ಮದ್ ಖಾನ್ ಅವರನ್ನು ಸ್ಟ್ರೈಕರ್ ಎಂದು ಬರೆಯುವವರಿದ್ದಾರೆ. ಅವರು ಆಡಿದ್ದು ಇನ್‌ಸೈಡ್ ಲೆಫ್ಟ್. ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂದು ಹೆಸರಾದ ಮುಂಚೂಣಿಯ ಐವರಲ್ಲಿ ಅವರೊಬ್ಬರು. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ಎಳೆದು, ಕೊನೆಗೆ ಇನ್ನೊಬ್ಬರಿಗೆ ದಾಟಿಸುವುದು ಅವರ ವಿದ್ಯೆ. 1951ರ ಏಷ್ಯನ್ ಕ್ರೀಡಾಕೂಟದ ಫೈನಲ್ ಗೆಲ್ಲಿಸಿದ ಗೋಲು ಹೊಡೆದದ್ದು ಮೇವಾಲಾಲ್. ಅಂಥವರಿಗೆ ದಾರಿ ಮಾಡಿಕೊಡುತ್ತಿದ್ದವರು ಅಹ್ಮದ್. ಗಿಡ್ಡ ಪಾಸು, ನೆಲದಾಟ, ಕಾಲಿನ ಚಮತ್ಕಾರ ಬೆಂಗಳೂರಿಗೆ ಹೊಸದಲ್ಲ. ರೋಕಾ ಹುಟ್ಟುವ ಮೊದಲೇ ಇದ್ದದ್ದು. ಬೆಂಗಳೂರಿನಲ್ಲಿ ಇಲ್ಲದ್ದು ಆ ಪಾಸಿನ ತುದಿಯಲ್ಲಿ ನಿಲ್ಲುವವನು. ನಮ್ಮ ಫುಟ್‌ಬಾಲ್ ಪಾಸು ಕೊಡುವ ಹತ್ತನೇ ನಂಬರಿನವರನ್ನು ಹೇರಳವಾಗಿ ಬೆಳೆಸಿತು, ಗೋಲು ಹೊಡೆಯುವ ಒಂಬತ್ತನೇ ನಂಬರಿನವರನ್ನಲ್ಲ. ನನಗೆ ತಿಳಿದಂತೆ ಇದನ್ನು ಯಾರೂ ಚರ್ಚಿಸಿಲ್ಲ.

ನನ್ನ ಪೀಳಿಗೆಯವರ ಹೀರೊ ಕಾರ್ಲ್ಟನ್ ಚಾಪ್ಮನ್. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು 6-2ರಿಂದ ಗೆಲ್ಲಿಸಿದ ಬೆಂಗಳೂರಿನ ಹುಡುಗ. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿಯಲ್ಲಿ ಮುಂದೆ ಬೈಚುಂಗ್ ಭುಟಿಯಾ, ಐ. ಎಂ. ವಿಜಯನ್, ಅವರ ಹಿಂದೆ ಚಾಪ್ಮನ್. ಗಮನಿಸಿ, ಮತ್ತೆ ಮಿಡ್‌ಫೀಲ್ಡರ್. 2020ರಲ್ಲಿ ಚಾಪ್ಮನ್ ತೀರಿಕೊಂಡಾಗ ಪತ್ರಿಕೆಗಳು ಒಂದು ದಿನ ನೆನೆದು ಸುಮ್ಮನಾದವು.

ಚಾಪ್ಮನ್ ಆಡುತ್ತಿದ್ದ ಕಾಲಕ್ಕೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಿದ್ದವು. ಸಂಬಳ ದೊಡ್ಡದಲ್ಲ, ಆದರೆ ನೌಕರಿ ಖಾಯಂ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಹಾಜರಿ, ಸಂಜೆ ಅಶೋಕನಗರದ ಸ್ಟೇಡಿಯಂನಲ್ಲಿ ಪಂದ್ಯ. ಮಗ ಚೆಂಡು ಒದೆಯುವುದನ್ನು ಊರಿನ ಅಪ್ಪಂದಿರು ಸಹಿಸಿದ್ದರೆ ಆ ಖಾಯಂ ನೌಕರಿಯ ಆಸೆಗೆ. ಎಚ್‌ಎಎಲ್‌ನ ಆರ್. ಸಿ. ಪ್ರಕಾಶ್, ಜೇವಿಯರ್ ವಿಜಯಕುಮಾರ್ ಅಂಥವರ ಆಟ ಟೀವಿಯಲ್ಲಿ ಬಂದದ್ದು ಅಪರೂಪ. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಬೆಂಗಳೂರು ಎಫ್‌ಸಿ ಬಂದದ್ದರಿಂದ ಆ ಖಾಲಿ ಜಾಗ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ಸ್ಪೇನಿಗೆ ಬರೋಣ. ಅಥ್ಲೆಟಿಕ್ ಬಿಲ್ಬಾವೊದ ತೆಲ್ಮೊ ಸಾರಾ ಲೀಗಿನಲ್ಲಿ 251 ಗೋಲು ಹೊಡೆದು 1950ರ ದಶಕದಲ್ಲಿ ಆಟ ನಿಲ್ಲಿಸಿದರು; 2014ರಲ್ಲಿ ಮೆಸ್ಸಿ ದಾಟುವವರೆಗೂ ಅದೇ ದಾಖಲೆ. ಬಿಲ್ಬಾವೊ ಕ್ಲಬ್ಬು ಇವತ್ತಿಗೂ ಬಾಸ್ಕ್ ಸೀಮೆಯ ನಂಟಿರುವವರನ್ನಷ್ಟೇ ಆಡಿಸುತ್ತದೆ, ಒಮ್ಮೆಯೂ ಮೊದಲ ದರ್ಜೆಯಿಂದ ಕೆಳಗಿಳಿದಿಲ್ಲ. ಉಳಿದ ಕ್ಲಬ್ಬುಗಳು ಹೊರನಾಡಿನ ಗೋಲುಗಾರರನ್ನು ಕೊಂಡವು. ಕೊನೆಗೆ 2006ರಿಂದ ‘ಮಾರ್ಕಾ’ ಪತ್ರಿಕೆ ಅತಿ ಹೆಚ್ಚು ಗೋಲು ಹೊಡೆದ ಸ್ಪೇನಿಗನಿಗೆಂದೇ ಬೇರೆ ಪ್ರಶಸ್ತಿ ಇಡಬೇಕಾಯಿತು, ಸಾರಾ ಹೆಸರಿನಲ್ಲೇ. 2012ರ ಯುರೋ ಕಪ್ಪಿನ ಫೈನಲ್‌ನಲ್ಲಿ ಸ್ಪೇನ್ ಸ್ಟ್ರೈಕರಿಲ್ಲದೆಯೇ ಆಟ ಶುರುಮಾಡಿ, ಮಿಡ್‌ಫೀಲ್ಡರ್ ಫಾಬ್ರೆಗಾಸ್‌ರನ್ನು ಮುಂದೆ ನಿಲ್ಲಿಸಿ ಇಟಲಿಯನ್ನು 4-0ರಿಂದ ಸೋಲಿಸಿತು. ಒಂಬತ್ತನೇ ಜಾಗದ ಬಿಕ್ಕಟ್ಟು ಅಲ್ಲಿಯೂ ಇತ್ತೆಂಬುದು ನಮ್ಮ ಸ್ಪೇನ್ ಭಕ್ತರಿಗೆ ನೆನಪಿರುವುದಿಲ್ಲ.

ಸ್ಪೇನಿನಿಂದ ಭಾರತಕ್ಕೆ ಬಂದ ಸ್ಟ್ರೈಕರುಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಫೆರಾನ್ ಕೊರೊಮಿನಾಸ್, ಎಲ್ಲರ ಬಾಯಲ್ಲಿ ಕೋರೊ. ಅವರು ಆಡಿದ್ದು ಗೋವಾಕ್ಕೆ. ಬಾಗಲಕೋಟೆಯವರಿಗೆ ಬೆಂಗಳೂರಿನ ಕಂಠೀರವಕ್ಕಿಂತ ಮಡಗಾಂವಿನ ಫತೋರ್ಡಾ ಕ್ರೀಡಾಂಗಣ ಹತ್ತಿರ, ಹೆಚ್ಚುಕಡಿಮೆ ಅರ್ಧ ದಾರಿ. ಹುನಗುಂದ, ಬಾದಾಮಿ, ಇಳಕಲ್ಲ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದ ಮನೆತನಗಳಿಗೆ ಲೆಕ್ಕವಿಲ್ಲ. ಅವರ ಮಕ್ಕಳು ರಜೆಗೆ ಊರಿಗೆ ಬಂದಾಗ ಕೋರೊ ಹೆಸರು ತಂದರು. ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ನಮ್ಮ ಕಡೆ ಬಂದದ್ದು ಆಮೇಲೆ.

ಕೋರೊ 1983ರಲ್ಲಿ ಜಿರೋನಾ ಸೀಮೆಯ ಸಣ್ಣ ಊರಿನಲ್ಲಿ ಹುಟ್ಟಿದವರು. ಎಸ್ಪಾನ್ಯೋಲ್ ಕ್ಲಬ್ಬಿನಲ್ಲಿ ಹೆಚ್ಚಾಗಿ ಅಂಚಿನಲ್ಲಿ ಓಡುವ ಫಾರ್ವರ್ಡ್. 2006ರ ಏಪ್ರಿಲ್‌ನಲ್ಲಿ ಕೋಪಾ ಡೆಲ್ ರೇ ಫೈನಲ್‌ನಲ್ಲಿ ಒಂದು ಗೋಲು. ಮುಂದಿನ ತಿಂಗಳು ಲೀಗಿನ ಕೊನೆಯ ದಿನ ರಿಯಾಲ್ ಸೊಸಿಯೆದಾದ್ ವಿರುದ್ಧ ಹೆಚ್ಚುವರಿ ನಿಮಿಷದಲ್ಲಿ ಇನ್ನೊಂದು. ಕ್ಲಬ್ಬು ಕೆಳದರ್ಜೆಗೆ ಬೀಳುವುದು ಅದರಿಂದ ತಪ್ಪಿತು. ಮರುವರ್ಷ ಯುಇಎಫ್‌ಎ ಕಪ್ ಫೈನಲ್ಲಿಗೇರಿದ ತಂಡದಲ್ಲೂ ಇದ್ದರು. ಆ ಬಳಿಕ ಮಯೋರ್ಕಾ, ಜಿರೋನಾ, ಎಲ್ಚೆ ಎಂದು ಅಲೆದಾಟ. ಗೌರವದ ಬದುಕು, ಆದರೆ ದೊಡ್ಡ ಗೋಲುಗಾರ ಎಂಬ ಹೆಸರು ಅಲ್ಲೆಲ್ಲೂ ಬರಲಿಲ್ಲ.

ಅಂಥವರು 34ನೇ ವಯಸ್ಸಿನಲ್ಲಿ ಗೋವಾಕ್ಕೆ ಬಂದು ಮೂರು ಋತುಗಳಲ್ಲಿ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) 57 ಪಂದ್ಯಗಳಲ್ಲಿ 48 ಗೋಲು ಹೊಡೆದರು. 2017ರ ನವೆಂಬರ್ 30ರಂದು ಫತೋರ್ಡಾದಲ್ಲಿ ಬೆಂಗಳೂರಿನ ವಿರುದ್ಧವೇ ಹ್ಯಾಟ್ರಿಕ್. ಗೋಲ್‌ಕೀಪರ್ ಗುರುಪ್ರೀತ್ ಕೆಂಪು ಕಾರ್ಡ್ ಪಡೆದು ಹೊರಹೋಗಿದ್ದರೂ ಬೆಂಗಳೂರು 1-3ರಿಂದ 3-3ಕ್ಕೆ ಎಳೆದು ತಂದಿತ್ತು. ಕೋರೊ ಮೂರನೆಯದನ್ನು ಹೊಡೆದು 4-3 ಮಾಡಿದರು. ಮುಂದಿನ ವಾರ ಕೇರಳದ ವಿರುದ್ಧ ಇನ್ನೊಂದು ಹ್ಯಾಟ್ರಿಕ್, ಏಳು ನಿಮಿಷಗಳ ಒಳಗೆ. ಮೊದಲ ಋತುವಿನಲ್ಲಿ 18, ಎರಡನೆಯದರಲ್ಲಿ 16. ಎರಡೂ ಸಲ ಗೋಲ್ಡನ್ ಬೂಟ್. 2019ರ ಸೂಪರ್ ಕಪ್ ಫೈನಲ್‌ನಲ್ಲೂ ಗೋಲು.

ಇದು ಹೇಗಾಯಿತು? ಇಲ್ಲಿಯ ಲೀಗು ಸಡಿಲ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಸಡಿಲವೇ ಇದ್ದಿದ್ದರೆ ಬಂದವರೆಲ್ಲ ಹೊಡೆಯಬೇಕಿತ್ತು. ಕೋಚ್ ಸೆರ್ಜಿಯೊ ಲೊಬೆರಾ ತಂಡವನ್ನೆಲ್ಲ ಒಂದೇ ಗುರಿಗೆ ಕಟ್ಟಿದ್ದರು. ಅಹ್ಮದ್ ಜಾಹೂ, ಎದು ಬೇದಿಯಾ ಹಿಂದಿನಿಂದ ಚೆಂಡು ಸೀಳಿ ಕೊಡುತ್ತಿದ್ದರು. ಬ್ರ್ಯಾಂಡನ್ ಫರ್ನಾಂಡಿಸ್, ಹ್ಯೂಗೊ ಬೂಮೂ, ಜಾಕಿಚಂದ್ ಅಂಚಿನಿಂದ ಒಳಕ್ಕೆ ತರುತ್ತಿದ್ದರು. ಕೋರೊ ಡಿಫೆಂಡರನ ಬೆನ್ನ ಮಗ್ಗುಲಲ್ಲಿ ಕಣ್ಣಿಗೆ ಬೀಳದೆ ನಿಂತು, ಪಾಸು ಹೊರಡುವ ಗಳಿಗೆಗೆ ಓರೆಯಾಗಿ ಓಡಿ, ಮೊದಲ ಸ್ಪರ್ಶಕ್ಕೇ ಚೆಂಡನ್ನು ಬಲೆಗೆ ತಳ್ಳುತ್ತಿದ್ದರು. ತಲೆಯೆತ್ತರದ ಜಗಳಕ್ಕೆ ಹೋಗುತ್ತಲೇ ಇರಲಿಲ್ಲ. ಸ್ಪೇನಿನಲ್ಲಿ ಹದಿನೈದು ವರ್ಷ ಸಿಗದ ಜಾಗ ಗೋವಾದಲ್ಲಿ ಸಿಕ್ಕಿತು, ಗೋಲುಗಾರ ಹೊರಬಂದ. ಕೋರೊ ಬದುಕಿನಿಂದ ನಾನು ಕಲಿತದ್ದು ಇಷ್ಟೇ: ಸ್ಟ್ರೈಕರನನ್ನು ತಂಡ ತಯಾರಿಸುತ್ತದೆ.

ಬೆಂಗಳೂರಿನಲ್ಲೇ ಇದಕ್ಕೆ ಪುರಾವೆ ಇದೆ. 2019ರಲ್ಲಿ ಸ್ಪೇನಿನ ನವಾರಾ ಸೀಮೆಯ ಮಾನುವೆಲ್ ಒನ್ವು ಇಲ್ಲಿಗೆ ಬಂದಾಗ ಅವರಿಗೆ ಗೋಲೇ ಕೂಡಿಬರಲಿಲ್ಲ. ಋತುವಿನ ನಡುವೆ ಸಾಲದ ಮೇಲೆ ಒಡಿಶಾಗೆ ಹೋದವರು ಹೋದೊಡನೆ ಗೋಲಿನ ಮೇಲೆ ಗೋಲು ಹೊಡೆದರು. ಕಾಲು ಅವೇ, ಬದಲಾದದ್ದು ತಂಡ. ಅವರಿಗೂ ಮುಂಚೆ ಬಂದ ಬ್ರೌಲಿಯೊ ನೋಬ್ರೆಗಾ ಅಟ್ಲೆಟಿಕೊ ಮ್ಯಾಡ್ರಿಡ್, ಗೆಟಾಫೆ ಕಂಡವರು. ಇಲ್ಲಿ ಗುರುತು ಉಳಿಸಲಿಲ್ಲ. 2024ರಲ್ಲಿ ಬಂದ ಎದ್ಗಾರ್ ಮೆಂಡೆಸ್ 2017ರ ಸೆಮಿಫೈನಲ್‌ನಲ್ಲಿ ಗೋಲು ಹೊಡೆದು ಅಲಾವೆಸ್ ತಂಡವನ್ನು ಅದರ ಮೊದಲ ಕೋಪಾ ಡೆಲ್ ರೇ ಫೈನಲ್ಲಿಗೆ ಒಯ್ದವರು. ಒಳ್ಳೆಯ ಆಟಗಾರ, ಸ್ವಭಾವದಲ್ಲಿ ಅಂಚಿನವರು. ಬೆಂಗಳೂರಿನ ನಿಜವಾದ ಒಂಬತ್ತು ಎಂದರೆ 2017-18ರಲ್ಲಿ 15 ಗೋಲು ಹೊಡೆದ ಮಿಕು, ಅವರು ವೆನೆಜುವೆಲಾದವರು.

ಮಿಕು ನಡುವೆ ನಿಂತಾಗ ಸುನಿಲ್ ಛೇತ್ರಿ ಎಡ ಅಂಚಿಗೆ ಸರಿಯಬೇಕಾಯಿತು. ದೇಶಕ್ಕೆ 95 ಗೋಲು ಹೊಡೆದವರ ಗತಿಯೇ ಹೀಗಾದರೆ ಉಳಿದವರ ಪಾಡೇನು? 2024-25ರ ಐಎಸ್‌ಎಲ್‌ನಲ್ಲಿ 14 ಗೋಲುಗಳೊಂದಿಗೆ ಭಾರತೀಯರಲ್ಲಿ ಮೊದಲಿಗರಾದವರೂ ಛೇತ್ರಿಯೇ, ಆಗ ಅವರಿಗೆ ನಲವತ್ತು. ಅದನ್ನು ಪವಾಡವೆಂದು ಹೊಗಳಿ ಬರೆದವರು ಹಿಂದಿನ ಇಪ್ಪತ್ತು ವರ್ಷದಲ್ಲಿ ಇನ್ನೊಬ್ಬ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. 2021-22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರೇ ವಿದೇಶಿಯರು ಎಂಬ ನಿಯಮ ಬಂತು. ಕ್ಲಬ್ಬುಗಳು ಬೇರೆ ಕಡೆ ಒಬ್ಬರನ್ನು ಬಿಟ್ಟವು, ಒಂಬತ್ತನ್ನು ಬಿಡಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. ಮೂರೂ ಗೋಲು ನಮ್ಮ ಹುಡುಗರವೇ. ಆ ಪಂದ್ಯಾವಳಿಯಲ್ಲಿ ವಿದೇಶಿಯರಿಗೆ ಜಾಗವೇ ಇಲ್ಲವಲ್ಲ.

ನನ್ನಲ್ಲಿ ಕಲಿತವರಲ್ಲಿ ಹುನಗುಂದದ ಒಬ್ಬನಿಗೆ ಗೋಲಿನ ವಾಸನೆ ಚೆನ್ನಾಗಿ ಹತ್ತುತ್ತದೆ. ಆಯ್ಕೆಗೆ ಹೋಗುವಾಗ ಫಾರಂನಲ್ಲಿ ‘ವಿಂಗರ್’ ಎಂದು ತುಂಬಿದ್ದ. ಯಾಕೋ ಎಂದೆ. “ಒಂಬತ್ತಕ್ಕ ಹೊರಗಿನವರನ್ನ ತರತಾರಲ್ರೀ ಸರ” ಅಂದ.

ಈ ವಂಶಾವಳಿಯಲ್ಲಿ ನಮ್ಮ ಜಿಲ್ಲೆಯ ಒಂದು ಹೆಸರೂ ಇಲ್ಲ. ನೆಲವೇ ಸರಿಯಿಲ್ಲ ಎಂಬ ಮಾತಿದೆ: ಎರೆಮಣ್ಣು ಬೇಸಿಗೆಗೆ ಬಿರಿಯುತ್ತದೆ, ಮಳೆಗಾಲಕ್ಕೆ ಕಾಲು ಹಿಡಿಯುತ್ತದೆ. ಹಾಗೆನ್ನುವವರು ಕೊಲ್ಲಾಪುರಕ್ಕೆ ಹೋಗಿ ನೋಡಬೇಕು. ಅಲ್ಲಿಯ ಹೆಸರಾಂತ ಫುಟ್‌ಬಾಲ್ ತಂಡಗಳು ಪಾಟಾಕಡೀಲ್, ದಿಲ್‌ಬಹಾರ್, ಖಂಡೋಬಾ. ಮೂರೂ ತಾಲೀಮುಗಳು, ಅಂದರೆ ಕುಸ್ತಿಯ ಗರಡಿಗಳು. ಅದೇ ಊರಿನ ಅನಿಕೇತ್ ಜಾಧವ್ 2017ರ ಹದಿನೇಳರ ಒಳಗಿನವರ ವಿಶ್ವಕಪ್‌ನಲ್ಲಿ ಭಾರತದ ಮುಂಚೂಣಿಯಲ್ಲಿ ಆಡಿದರು. ಮುಧೋಳ, ಜಮಖಂಡಿಯ ಪೈಲ್ವಾನರು ಕೊಲ್ಲಾಪುರದ ಕಣಕ್ಕೆ ಹೋಗಿಬರುವುದು ಹಳೆಯ ರೂಢಿ. ನಮ್ಮ ಗರಡಿಗಳಲ್ಲಿ ಒಂದೆರಡಾದರೂ ಹನ್ನೊಂದು ಹುಡುಗರನ್ನು ಜೋಡಿಸಿದರೆ ಎದುರಾಳಿಗಳಿಗೆ ಬರವಿಲ್ಲ. ಬೆಳಗಾವಿಯಲ್ಲಿ ಶಾಲೆ ಶಾಲೆಗೂ ತಂಡವಿದೆ, ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಆಡಿ ರಾತ್ರಿಯೊಳಗೆ ಮರಳಬಹುದು.