ಗೂಗಲ್ ಡ್ರೈವ್‌ನಲ್ಲಿ ಕಡತ ಹಂಚಿಕೆ

ಗೂಗಲ್ ಡ್ರೈವ್ ಎಂಬುದು ಗೂಗಲ್ ಸಂಸ್ಥೆಯು ಒದಗಿಸುವ ಕ್ಲೌಡ್ ಆಧಾರಿತ ಕಡತ ಸಂಗ್ರಹಣೆ ಮತ್ತು ಹಂಚಿಕೆ ಸೇವೆಯಾಗಿದೆ. ಕಚೇರಿ, ಶಾಲೆ ಹಾಗೂ ಸಂಘಸಂಸ್ಥೆಗಳಲ್ಲಿ ಒಂದೇ ಕಡತದ ಮೇಲೆ ಹಲವರು ಕೆಲಸ ಮಾಡಲು ಇದನ್ನು ಬಳಸಲಾಗುತ್ತದೆ. ಕಡತದ ಒಡೆತನ, ಪ್ರವೇಶಾನುಮತಿ ಮತ್ತು ಹಳೆಯ ಆವೃತ್ತಿಗಳ ನಿರ್ವಹಣೆ ಇದರ ಸಮರ್ಪಕ ಬಳಕೆಗೆ ಆಧಾರವಾಗಿವೆ.

== ಇತಿಹಾಸ ==
ಈ ಸೇವೆಯು 2012ರ ಏಪ್ರಿಲ್ 24ರಂದು ಆರಂಭವಾಯಿತು. ಆಗ ಪ್ರತಿ ಬಳಕೆದಾರರಿಗೆ 5 ಜಿಬಿ ಉಚಿತ ಸ್ಥಳವಿತ್ತು. 2013ರಲ್ಲಿ ಇದನ್ನು ಜಿಮೇಲ್ ಮತ್ತು ಛಾಯಾಚಿತ್ರಗಳ ಸಂಗ್ರಹದೊಂದಿಗೆ ಒಗ್ಗೂಡಿಸಿ ಒಟ್ಟು 15 ಜಿಬಿಗೆ ಹೆಚ್ಚಿಸಲಾಯಿತು. ಸಂಸ್ಥೆಗಳಿಗಾಗಿ 2017ರಲ್ಲಿ 'ಟೀಮ್ ಡ್ರೈವ್' ಸೌಲಭ್ಯವು ಬಂದಿತು. 2019ರಲ್ಲಿ ಇದರ ಹೆಸರನ್ನು 'ಶೇರ್ಡ್ ಡ್ರೈವ್' ಎಂದು ಬದಲಿಸಲಾಯಿತು.

== ಒಡೆತನ ==
'ಮೈ ಡ್ರೈವ್' ವಿಭಾಗದಲ್ಲಿರುವ ಪ್ರತಿ ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಕಡತವನ್ನು ಎಷ್ಟು ಜನರೊಂದಿಗೆ ಹಂಚಿಕೊಂಡಿದ್ದರೂ ಅದು ಒಡೆಯನ ಸಂಗ್ರಹಣಾ ಮಿತಿಯಲ್ಲೇ ಎಣಿಕೆಯಾಗುತ್ತದೆ. ಉದ್ಯೋಗಿಯೊಬ್ಬರು ಸಂಸ್ಥೆಯನ್ನು ತೊರೆದು ಅವರ ಖಾತೆಯನ್ನು ಅಳಿಸಿದಾಗ, ಒಡೆತನವನ್ನು ಬೇರೆಯವರಿಗೆ ವರ್ಗಾಯಿಸದಿದ್ದಲ್ಲಿ ಅವರ ಕಡತಗಳೂ ನಷ್ಟವಾಗುತ್ತವೆ. ಅಳಿಸಿದ ಖಾತೆಯನ್ನು ಆಡಳಿತಗಾರರು 20 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದು.

ಶೇರ್ಡ್ ಡ್ರೈವ್‌ನಲ್ಲಿ ಕಡತಗಳ ಒಡೆತನವು ವ್ಯಕ್ತಿಗೆ ಸೇರದೆ ಸಂಸ್ಥೆಗೆ ಸೇರಿರುತ್ತದೆ. ಸದಸ್ಯರು ಹೊರಹೋದರೂ ಕಡತಗಳು ಅಲ್ಲಿಯೇ ಉಳಿಯುತ್ತವೆ. ಆದ್ದರಿಂದ ಲೆಕ್ಕಪತ್ರ, ಒಪ್ಪಂದ, ನಡಾವಳಿ ಮೊದಲಾದ ದೀರ್ಘಕಾಲ ಉಳಿಯಬೇಕಾದ ದಾಖಲೆಗಳಿಗೆ ಶೇರ್ಡ್ ಡ್ರೈವ್ ಹೆಚ್ಚು ಸೂಕ್ತವಾಗಿದೆ.

== ಪ್ರವೇಶಾನುಮತಿ ==
ಮೈ ಡ್ರೈವ್‌ನ ಕಡತಗಳಿಗೆ ಮುಖ್ಯವಾಗಿ ಮೂರು ಬಗೆಯ ಅನುಮತಿಗಳಿವೆ:
* '''ವೀಕ್ಷಕ''' – ಕಡತವನ್ನು ನೋಡಬಹುದು.
* '''ಟಿಪ್ಪಣಿಕಾರ''' – ನೋಡುವುದರ ಜೊತೆಗೆ ಟಿಪ್ಪಣಿ ಮತ್ತು ಸಲಹೆಗಳನ್ನು ಸೇರಿಸಬಹುದು.
* '''ಸಂಪಾದಕ''' – ಕಡತವನ್ನು ತಿದ್ದಬಹುದು. ಒಡೆಯನು ನಿರ್ಬಂಧಿಸದಿದ್ದರೆ ಇತರರಿಗೂ ಹಂಚಬಹುದು.

ಶೇರ್ಡ್ ಡ್ರೈವ್‌ನಲ್ಲಿ ಇವುಗಳ ಜೊತೆಗೆ ಸದಸ್ಯರನ್ನು ಸೇರಿಸುವ ಮತ್ತು ತೆಗೆಯುವ ಅಧಿಕಾರವುಳ್ಳ 'ಮ್ಯಾನೇಜರ್' ಮುಂತಾದ ಹೆಚ್ಚಿನ ಹೊಣೆಗಳೂ ಇವೆ.

ಕೊಂಡಿಯ ಮೂಲಕ ಹಂಚುವಾಗ 'ನಿರ್ಬಂಧಿತ' ಆಯ್ಕೆಯಿದ್ದರೆ ಹೆಸರಿಸಿದವರಿಗೆ ಮಾತ್ರ ಕಡತವು ತೆರೆದುಕೊಳ್ಳುತ್ತದೆ. 'ಕೊಂಡಿಯಿರುವ ಯಾರಾದರೂ' ಎಂಬ ಆಯ್ಕೆಯಲ್ಲಿ ಆ ಕೊಂಡಿ ಯಾರ ಕೈಸೇರಿದರೂ ಅವರು ಕಡತವನ್ನು ತೆರೆಯಬಲ್ಲರು. ವೇತನಪಟ್ಟಿ, ಗುರುತಿನ ಚೀಟಿಯ ಪ್ರತಿ ಮುಂತಾದವನ್ನು ಹೀಗೆ ಹಂಚಿದರೆ ಖಾಸಗಿ ಮಾಹಿತಿ ಸೋರಿಕೆಯಾಗುವ ಸಾಧ್ಯತೆಯಿದೆ. ಫೋಲ್ಡರ್‌ಗೆ ನೀಡಿದ ಅನುಮತಿಯು ಅದರೊಳಗಿನ ಕಡತಗಳಿಗೂ ಅನ್ವಯಿಸುತ್ತದೆ. ಆ ಫೋಲ್ಡರ್‌ಗೆ ನಂತರ ಸೇರಿಸಿದ ಕಡತಗಳೂ ಇದಕ್ಕೆ ಹೊರತಲ್ಲ. ವೀಕ್ಷಕರು ಕಡತವನ್ನು ಇಳಿಸಿಕೊಳ್ಳದಂತೆ, ಮುದ್ರಿಸದಂತೆ ತಡೆಯುವ ಆಯ್ಕೆಯಿದ್ದರೂ ಪರದೆಯ ಚಿತ್ರ ತೆಗೆಯುವುದನ್ನು ಅದು ತಡೆಯಲಾರದು.

== ಆವೃತ್ತಿಗಳು ಮತ್ತು ಮರುಪಡೆಯುವಿಕೆ ==
ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ನಲ್ಲಿ ಯಾರು ಯಾವಾಗ ಏನನ್ನು ತಿದ್ದಿದರು ಎಂಬುದು ಆವೃತ್ತಿ ಇತಿಹಾಸದಲ್ಲಿ ದಾಖಲಾಗುತ್ತದೆ. ತಪ್ಪಾಗಿ ಅಳಿಸಿದ ಭಾಗವನ್ನು ಹಿಂದಿನ ಆವೃತ್ತಿಯಿಂದ ಮರಳಿ ಪಡೆಯಬಹುದು. ಪಿಡಿಎಫ್‌ನಂತಹ ಇತರ ಕಡತಗಳ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನಗಳ ನಂತರ ಅಥವಾ 100 ಹೊಸ ಆವೃತ್ತಿಗಳು ಸೇರಿದ ನಂತರ ಅಳಿಯಬಹುದು. ಬೇಕಾದುದನ್ನು ಶಾಶ್ವತವಾಗಿ ಉಳಿಸುವಂತೆ ಗುರುತಿಸಲು ಅವಕಾಶವಿದೆ. 'ಅಂತಿಮ', 'ಅಂತಿಮ-2' ಎಂದು ಪ್ರತಿಗಳನ್ನು ಹೆಚ್ಚಿಸುವ ಬದಲು ಅದೇ ಕಡತಕ್ಕೆ ಹೊಸ ಆವೃತ್ತಿಯನ್ನು ಸೇರಿಸಿದರೆ ಕೊಂಡಿಯು ಬದಲಾಗುವುದಿಲ್ಲ. ಅಳಿಸಿದ ಕಡತಗಳು ಕಸದಬುಟ್ಟಿಯಲ್ಲಿ 30 ದಿನಗಳ ಕಾಲ ಉಳಿದು ನಂತರ ಶಾಶ್ವತವಾಗಿ ಅಳಿಯುತ್ತವೆ.

ಗಣಕದೊಂದಿಗೆ ಸಮನ್ವಯಗೊಳಿಸಿದ ಫೋಲ್ಡರ್‌ನಲ್ಲಿ ಕಡತವನ್ನು ಅಳಿಸಿದರೆ ಕ್ಲೌಡ್‌ನಿಂದಲೂ ಅದು ತೆಗೆಯಲ್ಪಡುತ್ತದೆ. ಹೀಗಾಗಿ ಸಮನ್ವಯವನ್ನು ಪ್ರತ್ಯೇಕ ಬ್ಯಾಕಪ್ ಎಂದು ಪರಿಗಣಿಸಲಾಗದು.

== ಕನ್ನಡದಲ್ಲಿ ಬಳಕೆ ==
ಕಡತಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ಕನ್ನಡ ಮುದ್ರಿತ ಪುಟದ ಚಿತ್ರವನ್ನು ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್ ಮೂಲಕ ತೆರೆದರೆ ಅಕ್ಷರ ಗುರುತಿಸುವಿಕೆಯಿಂದ ತಿದ್ದಬಹುದಾದ ಪಠ್ಯವು ದೊರೆಯುತ್ತದೆ. ಮುದ್ರಣವು ಮಸುಕಾಗಿದ್ದಲ್ಲಿ ಒತ್ತಕ್ಷರಗಳಲ್ಲಿ ದೋಷಗಳು ಉಳಿಯುವುದರಿಂದ ಕರಡು ತಿದ್ದುವುದು ಅಗತ್ಯವಾಗಿದೆ.